ಕೊನ್ನಾರಿಗೆಡ್ಡೆ ಮತ್ತು ಮೂರು ವಾರದ ಅಂತರ: ಕೈತೋಟದ ಕಳೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಕಳೆನಾಶಕವಿಲ್ಲದೆ ಕೈತೋಟದ ಕಳೆಯನ್ನು ಹತೋಟಿಯಲ್ಲಿಡುವುದು ಹೇಗೆ ಎಂಬುದಕ್ಕೆ ಸಿಗುವ ಸಲಹೆ ಸಾಮಾನ್ಯವಾಗಿ ಮೂರು ಮಾತಿನದು: ಕೀಳಿ, ಹೊದಿಕೆ ಹಾಕಿ, ಬಿಸಿಲಿಗೆ ಕಾಯಿಸಿ. ಬೀಜದಿಂದಷ್ಟೇ ಹುಟ್ಟುವ ಕಳೆಗಳಿಗೆ ಇದು ಬಹುಮಟ್ಟಿಗೆ ಒಪ್ಪುತ್ತದೆ. ಕೊನ್ನಾರಿಗೆ ಒಪ್ಪುವುದಿಲ್ಲ, ಅಥವಾ ಷರತ್ತಿನ ಮೇಲೆ ಮಾತ್ರ ಒಪ್ಪುತ್ತದೆ. ಆ ಷರತ್ತುಗಳು ಯಾವುವು, ಅವುಗಳ ಹಿಂದಿರುವ ಸಂಖ್ಯೆಗಳು ಎಲ್ಲಿಂದ ಬಂದವು, ಅವುಗಳನ್ನು ಕರ್ನಾಟಕದ ಒಂದು ಹಿತ್ತಲಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಉಪ್ಪು, ವಿನೆಗರ್ ಮುಂತಾದ ಮನೆಮದ್ದುಗಳನ್ನು ಇಲ್ಲಿ ಪರಿಗಣಿಸಿಲ್ಲ. ಅಡುಗೆಮನೆಯಿಂದ ಬಂದ ಮಾತ್ರಕ್ಕೆ ಅವು ರಾಸಾಯನಿಕಗಳಲ್ಲದೆ ಹೋಗುವುದಿಲ್ಲ. ಉಪ್ಪು ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೆ ಕೆಡುಕು ಮಾಡುತ್ತದೆ. ವಿನೆಗರ್ ಎಲೆಯನ್ನು ಸುಡುತ್ತದೆ, ಗೆಡ್ಡೆಯನ್ನು ತಲುಪುವುದಿಲ್ಲ.

2. ಹೆಸರು, ಗುರುತು

ಕೊನ್ನಾರಿಗೆ ಸೈಪೆರಸ್ ರೊಟಂಡಸ್ ಎಂಬ ಹೆಸರನ್ನು ಲಿನೇಯಸ್ 1753ರ 'ಸ್ಪೀಶೀಸ್ ಪ್ಲಾಂಟೇರಮ್' ಗ್ರಂಥದಲ್ಲಿ ಕೊಟ್ಟ. ಕನ್ನಡದಲ್ಲಿ ಕೊನ್ನಾರಿ, ಕೊರನಾರಿ, ತುಂಗೆಹುಲ್ಲು, ಭದ್ರಮುಷ್ಟಿ, ಜೇಕು ಎಂಬ ಹೆಸರುಗಳು ಬಳಕೆಯಲ್ಲಿವೆ. ಇವುಗಳಲ್ಲಿ ಭದ್ರಮುಷ್ಟಿ ಗಂಧಿಗೆ ಅಂಗಡಿಯ ಮಾತು: ಒಣಗಿಸಿದ ಗೆಡ್ಡೆಗೆ ಹೆಚ್ಚಾಗಿ ಸಲ್ಲುತ್ತದೆ, ಹೊಲದ ಗಿಡಕ್ಕೆ ಕಡಿಮೆ. ತೊಡಕು ಇರುವುದು ಜೇಕು ಎಂಬ ಹೆಸರಿನಲ್ಲಿ. ಅದು ಒಂದು ಜಾತಿಯ ಹೆಸರಲ್ಲ. ಗದ್ದೆಯಲ್ಲಿ ಬೆಳೆಯುವ ಸೈಪೆರಸ್ ಇರಿಯಾ ಸೇರಿದಂತೆ ಇದೇ ಕುಟುಂಬದ ಹಲವು ಸಸ್ಯಗಳಿಗೆ ಜೇಕು ಎನ್ನುವುದುಂಟು.

ಇದು ಬರೀ ಹೆಸರಿನ ತಕರಾರಲ್ಲ. ಸೈಪೆರಸ್ ಇರಿಯಾ ಬೀಜದಿಂದ ಹುಟ್ಟಿ ಒಂದು ಹಂಗಾಮಿನಲ್ಲಿ ಮುಗಿಯುವ ಗಿಡ. ಹೂ ಬಿಡುವ ಮುನ್ನ ಒಮ್ಮೆ ಕಿತ್ತರೆ ಆ ಗಿಡದ ಕಥೆ ಮುಗಿಯಿತು. ಕೊನ್ನಾರಿಯ ಬೀಜ ಮೊಳೆಯುವುದು ಅಪರೂಪ, ಅದರ ಸಂತಾನ ಬಹುತೇಕ ಗೆಡ್ಡೆಯ ಮೂಲಕವೇ ನಡೆಯುತ್ತದೆ. ಆದ್ದರಿಂದ 'ಜೇಕು ಕಿತ್ತರೆ ಹೋಗುತ್ತದೆ', 'ಜೇಕು ಕಿತ್ತಷ್ಟೂ ಹೆಚ್ಚುತ್ತದೆ' ಎಂಬ ಎರಡೂ ಅನುಭವಗಳು ತಮ್ಮ ತಮ್ಮ ಗಿಡದ ಮಟ್ಟಿಗೆ ನಿಜವಿರಬಹುದು.

ಗುರುತಿಸಲು ಕಾಂಡವೊಂದೇ ಸಾಲದು. ಹೂಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದರೆ ಮೂರು ಏಣು ತಾಗುತ್ತವೆ. ಆದರೆ ಸೈಪೆರಸ್ ಕುಲದ ಹೆಚ್ಚಿನ ಗಿಡಗಳಲ್ಲೂ ಹೀಗೆಯೇ. ಕಂದುಗೆಂಪಿನಿಂದ ನೇರಳೆಯತ್ತ ತಿರುಗುವ ತೆನೆ ಒಂದು ಸೂಚನೆ. ನಿರ್ಣಾಯಕ ಗುರುತು ಮಣ್ಣಿನೊಳಗಿದೆ. ಹದವಾಗಿ ತೇವವಿರುವ ಮಡಿಯಲ್ಲಿ ಗಿಡದ ಸುತ್ತ ಬೆರಳಿನಿಂದ ಮಣ್ಣು ಬಿಡಿಸುತ್ತ ಹೋದರೆ, ನೆಲಮಟ್ಟಕ್ಕಿಂತ ತುಸು ಕೆಳಗೆ ಬುಡದ ಉಬ್ಬು ಸಿಗುತ್ತದೆ. ಅದರಿಂದ ಬಿಳಿಯ ಎಳೆಯೊಂದು ಅಡ್ಡಕ್ಕೆ ಹೊರಟು, ಒಂದೆಡೆ ಊದಿ ಗೆಡ್ಡೆಯಾಗಿ, ಅಲ್ಲಿಗೆ ನಿಲ್ಲದೆ ಮುಂದೆ ಸಾಗಿ ಇನ್ನೊಂದು ಗೆಡ್ಡೆಯಾಗುತ್ತದೆ. ಹಳೆಯ ಎಳೆ ಕಪ್ಪಾಗಿ ತಂತಿಯಂತೆ ಒಣಗಿರುತ್ತದೆ, ಎಳೆದರೆ ತಟ್ಟನೆ ತುಂಡಾಗುತ್ತದೆ. ಗೆಡ್ಡೆಯನ್ನು ಉಗುರಿನಿಂದ ಸೀಳಿದರೆ ಒಳಗೆ ಬಿಳುಪು, ಜೊತೆಗೆ ಮೂಗಿಗೆ ಹತ್ತುವ ಸುವಾಸನೆ. ಹೀಗೆ ಸರಪಣಿಯಾಗಿ ಗೆಡ್ಡೆ ಇರುವುದು ಈ ಜಾತಿಯ ಲಕ್ಷಣ. ಹತ್ತಿರದ ಸಂಬಂಧಿಯಾದ ಸೈಪೆರಸ್ ಎಸ್ಕುಲೆಂಟಸ್‌ನಲ್ಲಿ ಪ್ರತಿ ಎಳೆಯ ತುದಿಗೆ ಒಂದೊಂದೇ ಗೆಡ್ಡೆ ಕೂರುತ್ತದೆ.

ಕೈಯಿಂದ ಕಿತ್ತಾಗ ಎಲೆಗೊಂಚಲು ಸಲೀಸಾಗಿ ಬರುವುದಕ್ಕೂ ಇದೇ ಕಾರಣ. ಬಂದದ್ದು ಎಲೆ ಮತ್ತು ಹೆಚ್ಚೆಂದರೆ ಬುಡದ ಉಬ್ಬು. ಗೆಡ್ಡೆ ಇದ್ದಲ್ಲೇ ಇದೆ.

3. ಸಂತಾನದ ಲೆಕ್ಕ: ಎರಡು ಸಂಖ್ಯೆ, ಒಂದು ವ್ಯತ್ಯಾಸ

ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಜಗತ್ತಿನ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಕೊನ್ನಾರಿಗೆ ಮೊದಲ ಸ್ಥಾನ. 92 ದೇಶಗಳು, 52 ಬೆಳೆಗಳು ಎಂಬುದು ಅಲ್ಲಿ ಕೊಟ್ಟ ಲೆಕ್ಕ. ಇದು ಹರಡುವಿಕೆಯ ಅಳತೆ. ಒಂದು ಮಡಿಯಲ್ಲಿ ಆಗುವ ನಷ್ಟದ ಅಳತೆಯೆಂದು ಇದನ್ನು ಓದಬಾರದು.

ಒಂದು ಗೆಡ್ಡೆಯಿಂದ ಎಷ್ಟು ಗೆಡ್ಡೆ ಹುಟ್ಟುತ್ತವೆ ಎಂಬುದಕ್ಕೆ ಎರಡು ಸಂಖ್ಯೆಗಳನ್ನು ಮತ್ತೆ ಮತ್ತೆ ಉಲ್ಲೇಖಿಸುವುದು ರೂಢಿ. ಒಂದು, ಮದ್ರಾಸ್ ಅಗ್ರಿಕಲ್ಚರಲ್ ಜರ್ನಲ್‌ನಲ್ಲಿ 1968ರಲ್ಲಿ ರಾವ್ ಪ್ರಕಟಿಸಿದ್ದು: 90 ದಿನದಲ್ಲಿ 99 ಗೆಡ್ಡೆ. ಇನ್ನೊಂದು, ಅಮೆರಿಕದಲ್ಲಿ ಹೌಸರ್ 1962ರಲ್ಲಿ ಪ್ರಕಟಿಸಿದ್ದು: ಸುಮಾರು 90 ಸೆಂ.ಮೀ. ಅಂತರದಲ್ಲಿ ಗೆಡ್ಡೆ ನೆಟ್ಟಾಗ ಒಂದು ಹಂಗಾಮಿನಲ್ಲಿ ಹೆಕ್ಟೇರಿಗೆ 77 ಲಕ್ಷ ಗಿಡ, 109 ಲಕ್ಷ ಗೆಡ್ಡೆ ಮತ್ತು ಬುಡದ ಉಬ್ಬು. ಎಕರೆ ಲೆಕ್ಕಕ್ಕೆ ಇಳಿಸಿದರೆ ಕ್ರಮವಾಗಿ ಸುಮಾರು 31 ಲಕ್ಷ ಮತ್ತು 44 ಲಕ್ಷ. ಎಕರೆಯ ಸಂಖ್ಯೆ, ಹೆಕ್ಟೇರಿನ ಸಂಖ್ಯೆ ಅದಲುಬದಲಾದರೆ ಎರಡೂವರೆ ಪಟ್ಟು ತಪ್ಪಾಗುತ್ತದೆ. ಎರವಲು ಪಡೆಯುವಾಗ ಮಾನವನ್ನು ನೋಡಿಕೊಳ್ಳುವುದು ಅಗತ್ಯ.

ಎರಡನ್ನೂ ಒಂದೇ ಮಾನಕ್ಕೆ ತರಬಹುದು. 90 ಸೆಂ.ಮೀ. ಅಂತರವೆಂದರೆ ಗೆಡ್ಡೆಯೊಂದಕ್ಕೆ 0.81 ಚದರ ಮೀಟರ್, ಹೆಕ್ಟೇರಿಗೆ ಸುಮಾರು 12,350 ಗೆಡ್ಡೆ. 109 ಲಕ್ಷವನ್ನು ಇದರಿಂದ ಭಾಗಿಸಿದರೆ ನೆಟ್ಟ ಒಂದಕ್ಕೆ ಸುಮಾರು 880. ರಾವ್ ಅವರ 99ಕ್ಕೂ ಇದಕ್ಕೂ ಹೆಚ್ಚುಕಡಿಮೆ ಒಂಬತ್ತು ಪಟ್ಟು ವ್ಯತ್ಯಾಸ. ಹೀಗಿದ್ದರೂ ಇವು ಒಂದನ್ನೊಂದು ಸುಳ್ಳುಮಾಡುತ್ತವೆ ಎನ್ನಲು ಆಧಾರ ಸಾಲದು. ಒಂದರ ಅವಧಿ 90 ದಿನ, ಇನ್ನೊಂದರದು ಇಡೀ ಹಂಗಾಮು. ಹೌಸರ್ ಲೆಕ್ಕದಲ್ಲಿ ಬುಡದ ಉಬ್ಬುಗಳೂ ಸೇರಿವೆ. ಸಂತಾನ ಗುಣಾಕಾರದಲ್ಲಿ ಬೆಳೆಯುವಾಗ ಅವಧಿ ತುಸು ಹೆಚ್ಚಾದರೂ ಮೊತ್ತ ಬಹಳ ಹಿಗ್ಗುತ್ತದೆ. ಆದ್ದರಿಂದ ವ್ಯತ್ಯಾಸದ ದೊಡ್ಡ ಪಾಲು ಅವಧಿಯದೇ ಎಂದು ಊಹಿಸುವುದು ಅಸಂಗತವಲ್ಲ.

ಹೌಸರ್ ಅವರ ಸಂಖ್ಯೆಯನ್ನು 1 ಮೀಟರ್ ಅಗಲ, 3 ಮೀಟರ್ ಉದ್ದದ ಒಂದು ಸೊಪ್ಪಿನ ಮಡಿಗೆ ಇಳಿಸಿದರೆ 3,270 ಆಗುತ್ತದೆ. ಇದು ಯಾರೂ ಕೈ ಹಾಕದೆ ಬಿಟ್ಟ, ಪೈಪೋಟಿಯಿಲ್ಲದ ನೆಲದ ಸಂಖ್ಯೆ. ತರಕಾರಿ ಬೆಳೆದ ಮಡಿಯಲ್ಲಿ ಇದಕ್ಕಿಂತ ಕಡಿಮೆಯೇ ಇರಬೇಕು. ಅಷ್ಟಾದರೂ, ಆರಿಸಿ ತೆಗೆಯುವುದೊಂದೇ ದಾರಿ ಎಂದುಕೊಂಡು ಗುದ್ದಲಿ ಹಿಡಿದವರು ಏಕೆ ಸೋಲುತ್ತಾರೆಂಬುದನ್ನು ಈ ಸಂಖ್ಯೆ ತಿಳಿಸುತ್ತದೆ.

4. ಮೂರು ವಾರ

ಈ ಟಿಪ್ಪಣಿಯ ಮುಖ್ಯ ಭಾಗ ಇದು.

ಅಲಬಾಮಾದ ಕೃಷಿ ಸಂಶೋಧಕರು 1937ರಿಂದ ಕೊನ್ನಾರಿ ನಿರ್ಮೂಲನದ ಬಗ್ಗೆ ಲೇಖನಗಳ ಒಂದು ಸರಣಿಯನ್ನೇ ಪ್ರಕಟಿಸಿದರು. ಮೊದಲನೆಯದು ಸ್ಮಿತ್ ಮತ್ತು ಫಿಕ್ (1937), ಗಿಡದ ಜೀವನಚಕ್ರವನ್ನು ಕುರಿತದ್ದು. ಎರಡನೆಯದು ಸ್ಮಿತ್ ಮತ್ತು ಮೇಟನ್ (1938), ಉಳುಮೆಯನ್ನು ಕುರಿತದ್ದು. ಮೂರು ವಾರಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ, ಸತತ ಎರಡು ಬೆಳೆಯುವ ಋತುಗಳಲ್ಲಿ ನೆಲವನ್ನು ಕೆದಕುತ್ತ ಹೋದರೆ ಕೊನ್ನಾರಿ ನಿರ್ಮೂಲವಾಗಬಲ್ಲದು ಎಂಬುದು ಅವರ ತೀರ್ಮಾನದ ಸಾರ. ಕಳೆನಾಶಕಗಳ ಯುಗಕ್ಕೆ ಮುಂಚಿನ ಕೆಲಸವಾದ್ದರಿಂದ ಕೈತೋಟದವರಿಗೆ ಇದು ಇಂದಿಗೂ ನೇರವಾಗಿ ಉಪಯುಕ್ತ.

ಮೂರು ವಾರ ಏಕೆ? ಗೆಡ್ಡೆ ಮೊಳೆತಾಗ ಮೊದಲ ಎಲೆಗಳು ಗೆಡ್ಡೆಯ ಪಿಷ್ಟದಿಂದಲೇ ಬೆಳೆಯುತ್ತವೆ. ಎಲೆ ಬಲಿತ ಮೇಲೆ ಹರಿವು ತಿರುಗುತ್ತದೆ, ಎಲೆ ದುಡಿದದ್ದು ಕೆಳಗಿಳಿದು ಹೊಸ ಎಳೆ, ಹೊಸ ಗೆಡ್ಡೆಯಾಗುತ್ತದೆ. ಮೊಳಕೆ ನೆಲದಿಂದ ಮೇಲೆದ್ದ ಮೇಲೆ ಹೊಸ ಗೆಡ್ಡೆ ಕಟ್ಟಲು ತಾಪಮಾನ, ಬೆಳಕು ನೋಡಿಕೊಂಡು ಸುಮಾರು 4ರಿಂದ 6 ವಾರ ಬೇಕೆಂದು ತಿಳಿಯಬಹುದು. ಮೂರು ವಾರಕ್ಕೆ ಕಡಿದರೆ ಸಾಲ ಮರಳುವ ಮುನ್ನವೇ ತಡೆದಂತೆ. ಗೆಡ್ಡೆ ಮತ್ತೊಂದು ಕಣ್ಣಿನಿಂದ ಮತ್ತೆ ಮೊಳೆಯುತ್ತದೆ, ಮತ್ತೆ ಪಿಷ್ಟ ಕಳೆದುಕೊಳ್ಳುತ್ತದೆ. ಒಂದು ಗೆಡ್ಡೆಗೆ ಹಲವು ಕಣ್ಣುಗಳಿರುವುದರಿಂದ ಇದು ಒಂದೆರಡು ಸಲಕ್ಕೆ ಮುಗಿಯುವ ಕೆಲಸವಲ್ಲ.

ಸರಪಣಿಯ ವಿಷಯವನ್ನು ಇಲ್ಲಿ ಜೊತೆಗಿಟ್ಟು ನೋಡಬೇಕು. ಸರಪಣಿ ಅಖಂಡವಾಗಿರುವಾಗ ತುದಿಯ ಗೆಡ್ಡೆ ಮೊಳೆತು ಉಳಿದವನ್ನು ಮಲಗಿಸಿಟ್ಟಿರುತ್ತದೆ. ಗುದ್ದಲಿ ಸರಪಣಿಯನ್ನು ಕಡಿದಾಗ ಮಲಗಿದ್ದವೂ ಏಳುತ್ತವೆ. ಹಾಗಾಗಿ ಒಮ್ಮೆ ಅಗೆದು ಕೈಬಿಟ್ಟ ಮಡಿಯಲ್ಲಿ ಮೊದಲಿಗಿಂತ ಹೆಚ್ಚು ಕೊನ್ನಾರಿ ಕಾಣುವುದು ಸಹಜ. ಅದೇ ಮಡಿಯನ್ನು ಮೂರು ವಾರಕ್ಕೆ ಮತ್ತೆ, ಮತ್ತೂ ಮೂರು ವಾರಕ್ಕೆ ಮತ್ತೆ ಅಗೆದರೆ, ಎದ್ದ ಪ್ರತಿಯೊಂದು ಗೆಡ್ಡೆಯೂ ತನ್ನ ದಾಸ್ತಾನು ಕರಗಿಸುತ್ತ ಬರುತ್ತದೆ. ಮೊದಲ ಅಗೆತದಿಂದ ಹೆಚ್ಚಿದ್ದೇ ಎರಡನೆಯ, ಮೂರನೆಯ ಅಗೆತಕ್ಕೆ ಅನುಕೂಲವಾಗುತ್ತದೆ. ಒಂದೇ ಕ್ರಿಯೆಗೆ ಎರಡು ವಿರುದ್ಧ ಫಲ ಬರುವುದು ಸಲಕರಣೆಯಿಂದಲ್ಲ, ಅಂತರದಿಂದ. ಪಿಕಾಸಿ ಒಳ್ಳೆಯದೋ ಕುರ್ಪಿ ಒಳ್ಳೆಯದೋ ಎಂಬ ಚರ್ಚೆ ಇದಕ್ಕೆ ಎರಡನೆಯದು.

ನಮ್ಮ ತರಕಾರಿ ಬೆಳೆಗಳಲ್ಲಿ ಬಿತ್ತಿದ 20-25 ದಿನಕ್ಕೆ ಒಂದು, 40-45 ದಿನಕ್ಕೆ ಇನ್ನೊಂದು ಕಳೆ ತೆಗೆಯುವುದು ಸಾಮಾನ್ಯ ರೂಢಿ. ಎರಡರ ನಡುವಿನ ಅಂತರ ಮೂರು ವಾರಕ್ಕೆ ಸರಿಹೊಂದುತ್ತದೆ. ಬೆಳೆಯನ್ನು ಉಳಿಸಿಕೊಳ್ಳಲು ಇಷ್ಟು ಸಾಕು. ಆದರೆ 45ನೇ ದಿನದ ನಂತರ, ಬೆಳೆ ತೆಗೆದು ಮುಂದಿನ ಬಿತ್ತನೆಯವರೆಗೆ, ಮಡಿಯನ್ನು ಯಾರೂ ಮುಟ್ಟುವುದಿಲ್ಲ. ಕಳೆದ ಎರಡು ಸಲದ ದುಡಿಮೆ ನೀರಾಗುವುದು ಬಹುಶಃ ಈ ಖಾಲಿ ಅವಧಿಯಲ್ಲಿ.

'ಎರಡು ಋತು' ಎಂಬ ಮಾತನ್ನು ಹಾಗೆಯೇ ಎತ್ತಿಕೊಳ್ಳುವುದು ಸರಿಯಲ್ಲ. ಅಲಬಾಮಾದಲ್ಲಿ ಚಳಿ ಋತುವಿನ ಗಡಿ ಹಾಕುತ್ತದೆ. ಕರ್ನಾಟಕದಲ್ಲಿ ಗಡಿ ಹಾಕುವುದು ತೇವ. ನೀರುಣಿಸುವ ಹಿತ್ತಲಿನಲ್ಲಿ ಕೊನ್ನಾರಿಗೆ ವರ್ಷವಿಡೀ ಋತುವೇ. ಅಲ್ಲಿನ ಬೆಚ್ಚನೆಯ ಅವಧಿಯನ್ನು ಸುಮಾರು 7 ತಿಂಗಳೆಂದು ಹಿಡಿದರೆ ಒಂದು ಋತುವಿಗೆ 10, ಎರಡಕ್ಕೆ 20 ಅಗೆತ. ಇಲ್ಲಿ ಬಿಡುವಿಲ್ಲದೆ ಮಾಡಿದರೆ ವರ್ಷಕ್ಕೆ 17. ಅಂದರೆ 20 ಅಗೆತ 14 ತಿಂಗಳಲ್ಲಿ ಮುಗಿಯುತ್ತದೆ. ಇದು ಅಂಕಗಣಿತವೇ ಹೊರತು ಪ್ರಯೋಗದ ಫಲವಲ್ಲ. ಅಲ್ಲಿನ ಚಳಿಗೆ ಮೇಲ್ಮಣ್ಣಿನ ಗೆಡ್ಡೆಗಳು ಒಂದಿಷ್ಟು ಸತ್ತಿರುವ ಸಂಭವವಿದೆ, ಆ ಸಹಾಯ ಇಲ್ಲಿಲ್ಲ. ಹೀಗಾಗಿ 20ನ್ನು ಕನಿಷ್ಠ ಎಂದು ಓದುವುದು ಕ್ಷೇಮ. ದಿನಚರಿಯಲ್ಲಿ ಋತು ಎಣಿಸುವ ಬದಲು ಅಗೆತ ಎಣಿಸುವುದು ಹೆಚ್ಚು ಖಚಿತ.

ಆಳದ ಬಗ್ಗೆ: ಗೆಡ್ಡೆಗಳ ಬಹುಪಾಲು ಮೇಲಿನ 15 ಸೆಂ.ಮೀ. ಒಳಗಿರುತ್ತವೆ, ಕೆಲವು ಇನ್ನೂ ಕೆಳಗೆ ಹೋಗಿರುತ್ತವೆ. ಕುರ್ಪಿ ಎಲೆಯನ್ನು ಕೊಯ್ಯುತ್ತದೆ, ಸರಪಣಿಯನ್ನು ಕಡಿಯುವುದು ಗುದ್ದಲಿ. ಮೊದಲೆರಡು ಸಲ ಆಳದ ಗುದ್ದಲಿ, ನಂತರ ಕುರ್ಪಿ ಎಂಬ ಕ್ರಮ ಮೇಲಿನ ತರ್ಕಕ್ಕೆ ಹೊಂದುತ್ತದೆ.

5. ಗೆಡ್ಡೆಯ ಆಯುಸ್ಸು

ನೀಸರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಖ್ಯೆಗಳಿವೆ: ಅರ್ಧಾಯು 16 ತಿಂಗಳು, ಅಂದಾಜು ಆಯುಸ್ಸು 42 ತಿಂಗಳು. ಇವೆರಡನ್ನೂ ಒಂದೇ ವಾಕ್ಯದಲ್ಲಿ ಓದುವಾಗ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. ಪ್ರತಿ 16 ತಿಂಗಳಿಗೆ ಅರ್ಧ ಎಂಬ ಸ್ಥಿರ ಗತಿಯಲ್ಲೇ ಸಾಯುತ್ತವೆಂದು ಹಿಡಿದರೆ 42ನೇ ತಿಂಗಳಿನಲ್ಲಿ ಇನ್ನೂ ಶೇ. 16ರಷ್ಟು ಬದುಕಿರಬೇಕು. ನೂರರಲ್ಲಿ ಒಂದಕ್ಕೆ ಇಳಿಯಲು 106 ತಿಂಗಳು ಬೇಕು. ಆದ್ದರಿಂದ 42 ತಿಂಗಳಿಗೆ ಮುಗಿಯುತ್ತದೆ ಎಂದಾಗ, ಗೆಡ್ಡೆ ಹಳತಾದಂತೆ ಸಾಯುವ ಗತಿ ಏರುತ್ತದೆ ಎಂಬುದು ಅದರಲ್ಲಿ ಅಡಗಿದೆ. ಅರ್ಧಾಯುವನ್ನು ಗುಣಿಸಿ ಆಯುಸ್ಸು ಕಂಡುಹಿಡಿಯಲಾಗದು.

ಹಿಂದಿನ ಭಾಗದ 14 ತಿಂಗಳನ್ನು ಈ 16 ತಿಂಗಳ ಪಕ್ಕದಲ್ಲಿಟ್ಟು ಹೋಲಿಸುವುದೂ ಸಲ್ಲದು. ಒಂದರಲ್ಲಿ ಗೆಡ್ಡೆಯನ್ನು ಪದೇ ಪದೇ ಕೆಣಕಿ ಎಬ್ಬಿಸುತ್ತೇವೆ, ಇನ್ನೊಂದರಲ್ಲಿ ಅದು ಹೂತಲ್ಲೇ ಇರುತ್ತದೆ.

6. ಬಿಸಿಲು, ಹಾಳೆ, ಹೊದಿಕೆ

ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ತೇವದ ಮಣ್ಣನ್ನು ಬಿಸಿಲಿಗೆ ಕಾಯಿಸುವ ಸೌರೀಕರಣ ವಿಧಾನ 1976ರಲ್ಲಿ ಇಸ್ರೇಲಿನ ಕಟಾನ್ ಮತ್ತು ಸಂಗಡಿಗರ ಲೇಖನದಿಂದ ಪ್ರಚಾರಕ್ಕೆ ಬಂತು. ಆ ಲೇಖನದ ಗುರಿ ಕಳೆಯಲ್ಲ, ಮಣ್ಣಿನಿಂದ ಹರಡುವ ರೋಗಾಣುಗಳು. ಕಳೆ ಹತೋಟಿ ಜೊತೆಗೆ ಬಂದ ಲಾಭ. ಬೀಜದ ಕಳೆಗಳಲ್ಲಿ ಅನೇಕವು ಇದಕ್ಕೆ ಬಗ್ಗುತ್ತವೆ. ಬಗ್ಗದವುಗಳ ಪಟ್ಟಿಯಲ್ಲಿ ಕೊನ್ನಾರಿ ಪದೇ ಪದೇ ಕಾಣಿಸುತ್ತದೆ.

ಕಾರಣ ಆಳ. ಗೆಡ್ಡೆ ಸಾಯಲು ದಿನದ ಗರಿಷ್ಠ ತಾಪ ಹೆಚ್ಚುಕಡಿಮೆ 50 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. 45ರ ಆಸುಪಾಸಿನಲ್ಲಿ ಅದು ಸಾಯುವ ಬದಲು ಮೊಳೆಯುವ ಸಂಭವವೇ ಹೆಚ್ಚು. ಹಾಳೆಯ ಕೆಳಗೆ ಮೇಲಿನ ನಾಲ್ಕೈದು ಸೆಂ.ಮೀ. ಈ ಮಟ್ಟ ಮುಟ್ಟಬಹುದು, 15 ಸೆಂ.ಮೀ. ಮುಟ್ಟುವುದು ಕಷ್ಟ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಗಲ ತಾಪ 40 ಡಿಗ್ರಿ ದಾಟುವುದು ವಾಡಿಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸಾಮಾನ್ಯವಾಗಿ 33ರಿಂದ 36ರ ನಡುವೆ. ಒಂದೇ ಹಾಳೆ, ಒಂದೇ ಅವಧಿ ಎರಡೂ ಕಡೆ ಒಂದೇ ಫಲ ಕೊಡುವುದೆಂದು ಹೇಳಲಾಗದು.

ಹಾಳೆಯ ಬಣ್ಣದ ವಿಷಯ ಮೇಲ್ನೋಟಕ್ಕೆ ತಿರುವುಮುರುವಾಗಿ ಕಾಣುತ್ತದೆ. ಬೆಳಕು ತಡೆಯುವ ಕಪ್ಪು ಹಾಳೆ ಕಳೆಗೆ ಉತ್ತಮ ಎಂಬುದು ಸಾಮಾನ್ಯ ತಿಳಿವಳಿಕೆ, ಬೀಜದ ಕಳೆಗಳ ಮಟ್ಟಿಗೆ ಅದು ಸರಿ. ಕೊನ್ನಾರಿಯ ಮೊಳಕೆ ಸೂಜಿಯಂತೆ ಮೊನಚು. ಕತ್ತಲಲ್ಲಿ ಅದು ಎಲೆ ಬಿಚ್ಚದೆ ನೇರ ಮೇಲೇರಿ ತೆಳು ಕಪ್ಪು ಹಾಳೆಯನ್ನು ಚುಚ್ಚಿ ಹೊರಬರುತ್ತದೆ. ಪಾರದರ್ಶಕ ಹಾಳೆಯ ಕೆಳಗೆ ಬೆಳಕು ತಾಗಿದೊಡನೆ ಎಲೆಗಳು ಬಿಚ್ಚಿಕೊಳ್ಳುತ್ತವೆ, ಮೊನೆ ಮಾಯವಾಗುತ್ತದೆ, ಗಿಡ ಹಾಳೆಯಡಿ ಮಡಚಿ ಸಿಕ್ಕಿಬೀಳುತ್ತದೆ. ಕೊನ್ನಾರಿಯ ವಿಷಯದಲ್ಲಿ ಪಾರದರ್ಶಕ ಹಾಳೆಯ ದೊಡ್ಡ ಗುಣ ಶಾಖಕ್ಕಿಂತ ಇದೇ ಇರಬಹುದು.

ತರಗೆಲೆ, ಭತ್ತದ ಹುಲ್ಲು, ಅಡಿಕೆ ಸೋಗೆ ಮುಂತಾದ ಹೊದಿಕೆಗಳನ್ನೂ ಈ ಮೊಳಕೆ ತೂರಿಕೊಂಡು ಬರುತ್ತದೆ. ಹಾಗೆಂದು ಹೊದಿಕೆ ವ್ಯರ್ಥವಲ್ಲ. ಉಳಿದ ಕಳೆಗಳನ್ನು ಅದು ತಡೆಯುತ್ತದೆ, ಕೊನ್ನಾರಿ ಎಲ್ಲೆಲ್ಲಿ ಇದೆಯೆಂದು ಬೇರ್ಪಡಿಸಿ ತೋರಿಸುತ್ತದೆ, ಮಣ್ಣು ಮೆತ್ತಗಿರುವುದರಿಂದ ಗೆಡ್ಡೆ ಸಮೇತ ಎತ್ತಲು ಸುಲಭ.

ಬಿಸಿಲಿನ ಇನ್ನೊಂದು ಉಪಯೋಗ ಒಣಗಿಸುವುದು. ಅಗೆದ ಗೆಡ್ಡೆ ನೆಲದ ಮೇಲೆ ಒಣಗಿದರೆ ಸಾಯುತ್ತದೆ. ಏಪ್ರಿಲ್‌ನಲ್ಲಿ, ಮುಂಗಾರು ಪೂರ್ವ ಮಳೆಗೆ ಮುಂಚೆ ಅಗೆದು ಹೆಂಟೆ ಒಡೆದು ಹರಡಿದರೆ ಈ ಲಾಭ ಸಿಗಬಹುದು. ಹೆಂಟೆಯೊಳಗೆ ಉಳಿದ ಗೆಡ್ಡೆಗೆ ಒಂದು ಮಳೆ ಸಾಕು.

7. ಹಂದಿ, ಹೆಬ್ಬಾತು, ಪತಂಗ

'ಅಭಿಜ್ಞಾನ ಶಾಕುಂತಲ'ದ ಎರಡನೆಯ ಅಂಕದಲ್ಲಿ ಬೇಟೆ ನಿಲ್ಲಿಸಿದ ದುಷ್ಯಂತ, ಕಾಡುಹಂದಿಗಳು ನಿಶ್ಚಿಂತೆಯಿಂದ ಮುಸ್ತೆಯನ್ನು (ಕೊನ್ನಾರಿಗೂ ಸಲ್ಲುವ ಸಂಸ್ಕೃತ ಹೆಸರು) ಅಗೆಯಲಿ ಎನ್ನುತ್ತಾನೆ. ಹಂದಿ ಈ ಗೆಡ್ಡೆಯನ್ನು ಅಗೆದು ತಿನ್ನುತ್ತದೆ ಎಂಬುದಕ್ಕೆ ಇದನ್ನು ಹಳೆಯ ಸಾಕ್ಷ್ಯವೆನ್ನಬಹುದು. ಆದರೆ ಅಲ್ಲಿ ಹೇಳಿರುವ ಜಾಗ ನೀರು ನಿಂತ ಹೊಂಡ. ಮುಸ್ತೆ ಎಂಬ ಹೆಸರು ಜೌಗಿನಲ್ಲಿ ಬೆಳೆಯುವ ಇತರ ಸೈಪೆರಸ್ ಜಾತಿಗಳಿಗೂ ಸಲ್ಲುವುದರಿಂದ, ಅಲ್ಲಿನದು ಇಂದಿನ ಕೈತೋಟದ ಕೊನ್ನಾರಿಯೇ ಎಂದು ನಿರ್ಧರಿಸುವುದು ಆತುರವಾದೀತು.

ಅಲಬಾಮಾ ಸರಣಿಯ ನಾಲ್ಕನೆಯ ಲೇಖನ (1945) ಕೋಳಿ ಮತ್ತು ಹೆಬ್ಬಾತುಗಳನ್ನು ಬಿಟ್ಟು ಕೊನ್ನಾರಿ ಹತೋಟಿ ಮಾಡುವುದನ್ನು ಕುರಿತದ್ದು. ತರ್ಕ ಮೂರು ವಾರದ್ದೇ: ಎಲೆಯನ್ನು ಪದೇ ಪದೇ ಕಳೆಯುವುದು. ಹವಾಯಿಗೆ 1925ರಲ್ಲಿ ಫಿಲಿಪ್ಪೀನ್ಸ್‌ನಿಂದ ಕಾಂಡ ಕೊರೆಯುವ ಬ್ಯಾಕ್ಟ್ರಾ ಪತಂಗವನ್ನು ತರಿಸಲಾಯಿತು. ಅದರ ಮೊಟ್ಟೆಗಳಿಗೆ ಟ್ರೈಕೊಗ್ರಾಮ ಕಣಜ ಬಿದ್ದುದರಿಂದ ನಿರೀಕ್ಷಿಸಿದ ಫಲ ದೊರೆಯಲಿಲ್ಲ.

8. ನೆರಳು

ಕೊನ್ನಾರಿ ಸಿ-4 ಬಗೆಯ ಗಿಡ, ಪೂರ್ಣ ಬಿಸಿಲಿನಲ್ಲಿ ಚೆನ್ನಾಗಿ ದುಡಿಯುವಂಥದ್ದು. ನೆರಳಿನಲ್ಲಿ ಅದು ಕಟ್ಟುವ ಗೆಡ್ಡೆಗಳು ಕಡಿಮೆಯಾಗುತ್ತವೆ. 4ನೇ ಭಾಗದಲ್ಲಿ ಹೇಳಿದ ಖಾಲಿ ಅವಧಿಯನ್ನು ಅಲಸಂದೆ, ಹುರುಳಿ, ಸೆಣಬು ಅಥವಾ ಸಿಹಿಗೆಣಸಿನಿಂದ ಮುಚ್ಚುವುದಕ್ಕೆ ಇದು ಆಧಾರ. ನೆರಳು ಗೆಡ್ಡೆಯನ್ನು ಕೊಲ್ಲುವುದಿಲ್ಲ, ಹೊಸದು ಸೇರುವುದನ್ನು ತಗ್ಗಿಸುತ್ತದೆ ಎಂಬಷ್ಟು ಮಾತ್ರ ಹೇಳಬಹುದು.

9. ಒಳಬರುವ ದಾರಿ

ಬೀಜದಿಂದ ಹರಡುವುದು ಅಪರೂಪವಾದ್ದರಿಂದ ಹೊಸ ಕೈತೋಟಕ್ಕೆ ಕೊನ್ನಾರಿ ಬರುವುದು ಹೆಚ್ಚಾಗಿ ಮಣ್ಣಿನ ಜೊತೆಗೇ: ನರ್ಸರಿಯ ಗಿಡದ ಚೀಲ, ಲೋಡಿನಲ್ಲಿ ತರಿಸಿದ ಕೆಮ್ಮಣ್ಣು, ಕೆರೆಗೋಡು, ಕಾವು ಏರದ ಗುಂಡಿಯ ಗೊಬ್ಬರ. ತಂದ ಮಣ್ಣನ್ನು ಒಂದೆಡೆ ಹರಡಿ, ನೀರು ಚಿಮುಕಿಸಿ ಮೂರು ವಾರ ಬಿಟ್ಟರೆ ಎದ್ದಿರುವ ಗೆಡ್ಡೆಗಳು ಸೂಜಿಮೊಳಕೆ ತೋರಿಸುತ್ತವೆ. ಮೊಳಕೆ ಬಾರದಿದ್ದರೆ ಗೆಡ್ಡೆಯೇ ಇಲ್ಲವೆಂದು ಅರ್ಥವಲ್ಲ, ಮಲಗಿರುವವು ಇರಬಹುದು. ಬಲಿತ ಗೆಡ್ಡೆ ಸಾಮಾನ್ಯವಾಗಿ 1ರಿಂದ 2.5 ಸೆಂ.ಮೀ. ಉದ್ದವಿರುತ್ತದೆ. ಒಣಗಿದ ಮಣ್ಣನ್ನು 5 ಮಿ.ಮೀ. ಕಣ್ಣಿನ ಜರಡಿಯಲ್ಲಿ ಹಿಡಿದರೆ ಬಹುತೇಕ ಎಲ್ಲವೂ ಮೇಲೆ ಉಳಿಯುತ್ತವೆ. ಕಪ್ಪು ನಾರು ಹೊದ್ದ ಗೆಡ್ಡೆ ನೋಡಲು ಸಣ್ಣ ಕಲ್ಲಿನಂತೆಯೇ ಇರುವುದರಿಂದ, ಜರಡಿಯಲ್ಲಿ ಉಳಿದದ್ದನ್ನು ಎಸೆಯುವ ಮುನ್ನ ಉಗುರಿನಿಂದ ಕೆರೆದು ನೋಡಬೇಕು.